ಚಳಿಗಾಲದ ಹಳಿಕೆಲಸ

ಬೆಂಗಳೂರಿನಿಂದ ಹೊರಟ ರೈಲು ಅರಸೀಕೆರೆಯನ್ನು ಹಿಂದಿಟ್ಟು, ಕಡೂರನ್ನು ಹಾಯ್ದು, ಬೀರೂರಿಗೆ ಬಂದು ನಿಲ್ಲುತ್ತದೆ. ಅಲ್ಲಿ ದಾರಿ ಎರಡಾಗುತ್ತದೆ. ಬಲಗಡೆಯ ಕವಲು ಅಜ್ಜಂಪುರದ ಎರೆನೆಲದ ಮೇಲೆ ಹಾದು ಚಿಕ್ಕಜಾಜೂರು, ದಾವಣಗೆರೆ, ಹರಿಹರಗಳತ್ತ ಸಾಗುತ್ತದೆ; ಎಡಗಡೆಯದು ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗೆಗೆ. ಬಯಲುಸೀಮೆ ಮತ್ತು ಮಲೆನಾಡು ಒಂದರ ಸೆರಗನ್ನೊಂದು ಮುಟ್ಟುವ ಈ ಪ್ರದೇಶದಲ್ಲಿ ಮಳೆಯೂ ಮಣ್ಣೂ ಹತ್ತು ಹನ್ನೆರಡು ಮೈಲಿಗೊಮ್ಮೆ ಬದಲಾಗುತ್ತವೆ. ಕಡೂರಿನ ಕಡೆ ತೆಂಗು, ರಾಗಿ ಮತ್ತು ಬರದ ಭಯ. ಅಜ್ಜಂಪುರದ ಸುತ್ತ ಕಪ್ಪು ಮಣ್ಣು, ಅಮೃತಮಹಲ್ ದನಗಳ ಕಾವಲು. ತರೀಕೆರೆಯಿಂದ ಪಶ್ಚಿಮಕ್ಕೆ ಮುಖ ಮಾಡಿದರೆ ಅಡಿಕೆಯ ತೋಟ, ಆಮೇಲೆ ಕಾಡು. ಈ ಮೂರು ಊರುಗಳನ್ನೂ ಒಂದೇ ದಾರಕ್ಕೆ ಪೋಣಿಸಿದ್ದು ಉಗಿಬಂಡಿಯ ಹಳಿ.

ಆ ಹಳಿಯ ಜಾತಕವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಮಹಾಕ್ಷಾಮದ ಬೆನ್ನಿಗೇ, ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ಮಾರ್ಗದ ಮಣ್ಣುಕೆಲಸ ನಡೆಯಿತು. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ, 1889ರಲ್ಲಿ ಹರಿಹರದವರೆಗೆ ಮಾರ್ಗ ತೆರೆಯಿತು. ಕಡೂರು, ಬೀರೂರು, ಅಜ್ಜಂಪುರಗಳ ಜನ ಹೊಗೆಬಂಡಿಯನ್ನು ಕಂಡದ್ದು ಆಗ. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಹೋಗುವ ಸುಮಾರು 38 ಮೈಲಿಯ ಕವಲು 1899ರ ಡಿಸೆಂಬರಿನಲ್ಲಿ ಸಂಚಾರಕ್ಕೆ ಸಿದ್ಧವಾಯಿತು. ಇವೆಲ್ಲ ಮೀಟರ್ ಗೇಜಿನವು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಹೋಗಲು ಮಾತ್ರ 2013ರ ನವೆಂಬರಿನವರೆಗೆ ಕಾಯಬೇಕಾಯಿತು. ಒಂದು ಕಾಲದಲ್ಲಿ ಇಡೀ ಜಿಲ್ಲೆಗೇ ಹೆಸರು ಕೊಟ್ಟಿದ್ದ ಕಡೂರಿಗೂ ಜಿಲ್ಲೆಯ ಮುಖ್ಯ ಪಟ್ಟಣಕ್ಕೂ ನಡುವೆ ಹಳಿ ಬೀಳಲು ನೂರ ಇಪ್ಪತ್ತನಾಲ್ಕು ವರ್ಷ ಹಿಡಿಯಿತೆಂದರೆ ಹೊರಗಿನವರು ನಂಬಲಾರರು.

ಇಷ್ಟು ಸಂಗತಿ ಯಾವ ಗೆಜೆಟಿಯರಿನಲ್ಲಾದರೂ ದೊರೆಯುತ್ತದೆ. ರೈಲ್ವೆಯ ಚರಿತ್ರೆ ಬರೆಯುವವರು ಮಾರ್ಗ ತೆರೆದ ದಿನದವರೆಗೆ ಬಹಳ ಉತ್ಸಾಹದಿಂದ ಬರೆಯುತ್ತಾರೆ: ಅಳತೆ ಮಾಡಿದವರು ಯಾರು, ಹಣ ಎಲ್ಲಿಂದ ಬಂತು, ಯಾವ ದೊರೆ ಬಾವುಟ ತೋರಿಸಿದರು. ಮಾರನೆಯ ದಿನದಿಂದ ಅವರ ಲೇಖನಿ ಮೌನ ತಾಳುತ್ತದೆ. ಆದರೆ ಹಾಕಿದ ಹಳಿ ತಾನಾಗಿ ಉಳಿಯುವ ವಸ್ತುವಲ್ಲ. ಬಿಟ್ಟರೆ ಮೂರು ಮಳೆಗಾಲಕ್ಕೆ ಅದು ಸೊಟ್ಟಗಾಗುತ್ತದೆ. ಹತ್ತು ಮಳೆಗಾಲಕ್ಕೆ ಲಂಟಾನದ ಪೊದೆಯಲ್ಲಿ ಕಣ್ಮರೆಯಾಗುತ್ತದೆ. ಅದನ್ನು ಹಾಗಾಗಗೊಡದೆ ವರ್ಷ ವರ್ಷವೂ ಕಾದವರ ಕೆಲಸವೇ ಈ ಹೊತ್ತಿನ ನನ್ನ ಮಾತಿನ ವಿಷಯ. ನಾನು ಸಾಹಿತ್ಯದ ಮೇಷ್ಟರಾಗಿದ್ದವನು, ಎಂಜಿನಿಯರನಲ್ಲ. ಆದರೂ ಈ ಕೆಲಸದ ಕ್ರಮವನ್ನು ತುಸು ಬಿಡಿಸಿ ಹೇಳದೆ ಮುಂದಿನ ಮಾತಿಗೆ ಅರ್ಥ ಬಾರದು.

ಹಳಿಯೆಂದರೆ ಎರಡು ಕಬ್ಬಿಣದ ಪಟ್ಟಿಗಳಷ್ಟೇ ಎಂದು ಪ್ರಯಾಣಿಕ ತಿಳಿಯುತ್ತಾನೆ. ಅದರ ನಿಜವಾದ ಬಲವಿರುವುದು ಕೆಳಗೆ. ಮಣ್ಣಿನ ಏರಿ, ಅದರ ಮೇಲೆ ಜಲ್ಲಿ, ಜಲ್ಲಿಯಲ್ಲಿ ಹೂತ ಅಡ್ಡದಿಮ್ಮಿ ಅಥವಾ ಸ್ಲೀಪರು, ಅದಕ್ಕೆ ಕಚ್ಚಿಸಿದ ಹಳಿ. ಒಂದು ಹಳಿಯ ತುದಿಗೂ ಇನ್ನೊಂದರ ತುದಿಗೂ ನಡುವೆ ಸಣ್ಣ ಸಂದು. ಎರಡೂ ಪಕ್ಕದಿಂದ ಆನಿಸಿ ಬೋಲ್ಟು ಬಿಗಿದ ಫಿಶ್‌ಪ್ಲೇಟು. ಹಳೆಯ ರೈಲಿನಲ್ಲಿ ಮಲಗಿದವರಿಗೆ ಕೇಳಿಸುತ್ತಿದ್ದ ತಾಳ ಆ ಸಂದುಗಳದು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ಹನ್ನೆರಡು ಮೀಟರ್ ಉದ್ದದ ಹಳಿ ಮೂವತ್ತು ಡಿಗ್ರಿ ಹೆಚ್ಚು ಕಾದರೆ ನಾಲ್ಕು ಮಿಲಿಮೀಟರಿಗೂ ಮಿಗಿಲಾಗಿ ಬೆಳೆಯುತ್ತದೆ. ಆ ಬೆಳವಣಿಗೆಗೆ ಸಂದಿನಲ್ಲಿ ಜಾಗ ಬೇಕು, ಫಿಶ್‌ಪ್ಲೇಟಿನೊಳಗೆ ಹಳಿ ಜಾರುವಂತಿರಬೇಕು. ತುಕ್ಕು ಹಿಡಿದು ಕಚ್ಚಿಕೊಂಡರೆ, ಏಪ್ರಿಲ್ ಮಧ್ಯಾಹ್ನದ ಕಾವಿಗೆ ಹಳಿ ಹಾವಿನಂತೆ ಪಕ್ಕಕ್ಕೆ ಬಾಗೀತು.

ಆದ್ದರಿಂದಲೇ ಫಿಶ್‌ಪ್ಲೇಟನ್ನು ಬಿಚ್ಚಿ, ತಂತಿಯ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಬಳಿದು ಮತ್ತೆ ಬಿಗಿಯುವ ಕೆಲಸವನ್ನು ಭಾರತೀಯ ರೈಲ್ವೆಯ ಕೈಪಿಡಿ ವರ್ಷಕ್ಕೊಮ್ಮೆ, ಅಕ್ಟೋಬರಿನಿಂದ ಫೆಬ್ರವರಿಯೊಳಗಿನ ತಂಪು ತಿಂಗಳುಗಳಿಗೆ ನೇಮಿಸಿದೆ. ಬರಿಯ ಎಣ್ಣೆಯ ಮಾತಲ್ಲ. ಹಳಿಯ ಇಡೀ ವರ್ಷದ ಪಂಚಾಂಗ ಮಳೆಯ ಸುತ್ತಲೇ ತಿರುಗುತ್ತದೆ. ಮಳೆ ನಿಂತ ಕೂಡಲೆ ಕುಸಿದ ಕಡೆಗಳನ್ನು ಎತ್ತಿ ನಿಲ್ಲಿಸುವುದು; ಆಮೇಲೆ ಚಳಿಗಾಲದಿಂದ ಮೊದಲಾಗಿ ಆರು ತಿಂಗಳ ಕಾಲ ಮಾರ್ಗದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದು ಸ್ಲೀಪರನ್ನೂ ಬಿಡದೆ ಅಡಿಯ ಜಲ್ಲಿಯನ್ನು ಗಟ್ಟಿ ಮಾಡುತ್ತ ಸಾಗುವುದು; ಮುಂಗಾರು ಬರುವ ಮುನ್ನ ಚರಂಡಿ, ಮೋರಿಗಳನ್ನು ತೋಡಿಡುವುದು; ಮಳೆಗಾಲದ ರಾತ್ರಿಗಳಲ್ಲಿ ಲಾಟೀನು ಹಿಡಿದು ಏರಿ ಕೊಚ್ಚಿಹೋಗಿದೆಯೇ ಎಂದು ನೋಡಿಬರುವುದು. ಮಳೆಗಾಲದಲ್ಲಿ ಹಳಿಯನ್ನು ಕಾಯಬಹುದು, ರಿಪೇರಿ ಮಾಡಲಾಗದು. ರಿಪೇರಿಗೆ ಚಳಿಗಾಲವೇ ತಕ್ಕ ಸಮಯ. ಆಗ ಮಣ್ಣು ಗಟ್ಟಿ, ಬಿಸಿಲು ಹಿತ, ಹಗಲೆಲ್ಲ ದುಡಿದರೂ ದೇಹ ಸೋಲದು.

ನಮ್ಮ ಮೂರು ಊರುಗಳಲ್ಲಿ ಈ ಒಂದೇ ಕೆಲಸ ಮೂರು ಬಗೆಯದು. ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಾಯಿ ಬಿಡುತ್ತದೆ. ಅಂಥ ನೆಲದ ಮೇಲೆ ಹಾಕಿದ ಜಲ್ಲಿ ಕೆಸರಿನೊಳಗೆ ಇಳಿದು, ಕೆಸರು ಜಲ್ಲಿಯ ಮೇಲಕ್ಕೆ ಏರುತ್ತದೆ. ಅಜ್ಜಂಪುರದಂಥ ಕಡೆ ಗ್ಯಾಂಗಿನವರ ಜಗಳ ನೆಲದೊಡನೆ. ತರೀಕೆರೆಯಿಂದಾಚೆಗೆ ಅದು ನೀರಿನೊಡನೆ ಮತ್ತು ಹಸುರಿನೊಡನೆ. ಇಂದು ಸವರಿದ ಗಿಡ ಮುಂದಿನ ತಿಂಗಳಿಗೆ ಮೊಳಕಾಲೆತ್ತರ. ಕಡೂರಿನ ಕಡೆ ನೆಲ ಅಷ್ಟು ಕಾಡದು, ಕಾಡುವುದು ಬಿಸಿಲು.

ಈ ಕೆಲಸಕ್ಕೆ ಗ್ಯಾಂಗು ಎಂಬ ಏರ್ಪಾಡಿತ್ತು. ಐದಾರು ಕಿಲೋಮೀಟರಿನ ಪಾಲು, ಅದಕ್ಕೆ ಹತ್ತಾರು ಆಳು, ಒಬ್ಬ ಮೇಸ್ತ್ರಿ, ಒಬ್ಬ ಕೀಮನ್. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸುರು ಬಾವುಟ ಹೊತ್ತು ಕೀಮನ್ ತನ್ನ ಪಾಲಿನ ಹಳಿಯನ್ನು ಪ್ರತಿದಿನವೂ ನಡೆದು ನೋಡುತ್ತಾನೆ. ಒಂದು ಬೋಲ್ಟು ಸಡಿಲವಾಗಿದ್ದರೆ ಬಿಗಿಯುತ್ತಾನೆ. ನಾಲ್ಕು ಜನ ನಾಲ್ಕು ಬೀಟರು ಹಿಡಿದು ಒಂದೇ ಲಯದಲ್ಲಿ ಸ್ಲೀಪರಿನಡಿಗೆ ಜಲ್ಲಿ ಹೊಡೆದು ತುಂಬುವಾಗ, ಹಾರೆ ಹಾಕಿ ಹಳಿಯನ್ನು ಸರಿಸುವಾಗ, ಅವರ ಬಾಯಲ್ಲಿ ಹಾಡಿನಂಥ ಕೂಗು ಇರುತ್ತಿತ್ತು. ಒಬ್ಬ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಸೇರಿಸುವುದು. ನಮ್ಮ ಜಾನಪದ ಸಂಗ್ರಹಕಾರರು ಬೀಸುವ ಕಲ್ಲಿನ ಬಳಿ, ನಾಟಿಯ ಗದ್ದೆಯ ಬಳಿ ತಾಳ್ಮೆಯಿಂದ ಕುಳಿತರು. ರೈಲಿನ ಏರಿಯ ಮೇಲೆ ಹತ್ತಿದವರು ಕಡಿಮೆ. 1990ರ ದಶಕದಲ್ಲಿ ಈ ಮಾರ್ಗಗಳೆಲ್ಲ ಬ್ರಾಡ್ ಗೇಜಾದವು. ಕಾಂಕ್ರೀಟಿನ ಸ್ಲೀಪರು, ಉದ್ದಕ್ಕೆ ಬೆಸೆದ ಹಳಿ, ಜಲ್ಲಿ ತುಂಬುವ ಯಂತ್ರ ಬಂದವು. ಕೀಮನ್ನನ ನಡಿಗೆ ಉಳಿದಿದೆ, ಹಾಡು ಉಳಿದಿಲ್ಲ.

ತರೀಕೆರೆಯಲ್ಲಿ ಇನ್ನೊಂದು ಹಳಿಯಿತ್ತು. ಇಂದಿನ ತರುಣರಲ್ಲಿ ಅನೇಕರಿಗೆ ಅದು ಕೇಳಿಯೂ ಗೊತ್ತಿರಲಾರದು. 1910ರ ದಶಕದಲ್ಲಿ, ಅಂದರೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲಘಟ್ಟದಲ್ಲಿ, ಮೈಸೂರು ಸಂಸ್ಥಾನವು ತರೀಕೆರೆಯಿಂದ ಎಡೆಹಳ್ಳಿಯವರೆಗೆ ಸುಮಾರು 27 ಮೈಲಿ ಉದ್ದದ ಪುಟ್ಟ ರೈಲನ್ನು ಹಾಕಿಸಿತು. ಎಡೆಹಳ್ಳಿಯೆಂದರೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಹೊತ್ತು ನರಸಿಂಹರಾಜಪುರವಾದ ಊರು. ಹಳಿಗಳ ನಡುವಿನ ಅಗಲ ಎರಡೇ ಅಡಿ. ಡಾರ್ಜಿಲಿಂಗಿನ ಬೆಟ್ಟದ ರೈಲಿನದೂ ಅದೇ ಅಳತೆ. ಮಲೆನಾಡಿನ ಹುಟ್ಟುವಳಿಯನ್ನು ದೊಡ್ಡ ಹಳಿಗೆ ತಂದು ಮುಟ್ಟಿಸುವ ಕಾಲುದಾರಿ ಅದು. ಮುಂದೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹೊತ್ತಿಕೊಂಡಾಗ, ಅದರ ಊದುಕುಲುಮೆಗೆ ಬೇಕಾದ ಇದ್ದಿಲಿಗಾಗಿ ಸೌದೆ ತರುವ ಟ್ರಾಮಿನ ಹಳಿಗಳು ಕಾಡಿನೊಳಗೂ ಹರಡಿಕೊಂಡವು.

ಕಾಡಿನ ಹಳಿಯ ಆಯುಸ್ಸು ಕಾಡಿನ ಕೆಲಸದಷ್ಟೇ. ಊರಿನಿಂದೂರಿಗೆ ಹೋಗುವ ಪುಟ್ಟ ರೈಲಿಗೆ ಬೇರೆ ಶತ್ರು ಹುಟ್ಟಿತು. ಮೋಟಾರು ಬಸ್ಸು, ಲಾರಿಗಳು ಮನೆಬಾಗಿಲಿಗೇ ಬರತೊಡಗಿದ ಮೇಲೆ ದೇಶದ ಉದ್ದಗಲಕ್ಕೂ ಇಂಥ ಕಿರುಮಾರ್ಗಗಳು ಸೊರಗಿದವು. ಇದೂ ನಿಂತಿತು, ಹಳಿ ಕಿತ್ತರು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಎದ್ದು, 1960ರ ದಶಕದ ಹೊತ್ತಿಗೆ ಆ ಸೀಮೆಯ ನಕ್ಷೆಯೇ ಬದಲಾಯಿತು. ಹಿನ್ನೀರು ನರಸಿಂಹರಾಜಪುರದ ಅಂಚಿಗೆ ಬಂದು ನಿಂತಿತು. ರೈಲು ನಿಂತುದಕ್ಕೂ ಅಣೆಕಟ್ಟಿಗೂ ನಾನು ಗಂಟು ಹಾಕುತ್ತಿಲ್ಲ. ಒಂದು ನಾಡಿನ ನೆನಪು ಎಷ್ಟು ಬೇಗ ಒರೆಸಿಹೋಗಬಲ್ಲುದೆಂದು ಹೇಳುತ್ತಿದ್ದೇನೆ, ಅಷ್ಟೆ. ಎಂಟು ನೂರು ವರ್ಷದ ಹಿಂದಿನ ಅಮೃತಾಪುರದ ದೇವಾಲಯ ತರೀಕೆರೆಯ ಸಮೀಪದಲ್ಲೇ ಇದೆ. 1196ರಲ್ಲಿ ಅದನ್ನು ಕಟ್ಟಿಸಿದ ಅಮೃತ ದಂಡನಾಯಕನ ಹೆಸರು ನಮಗೆ ಗೊತ್ತು, ಅಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಹೆಸರು ಗೊತ್ತು, ಶಾಸನ ರಚಿಸಿದ ಕವಿ ಜನ್ನನ ಹೆಸರು ಗೊತ್ತು. ನೂರು ವರ್ಷದ ಹಿಂದೆ ಅದೇ ತರೀಕೆರೆಯಿಂದ ಕಾಡಿಗೆ ಹೋದ ಹಳಿಯ ಮೇಲೆ ದುಡಿದ ಒಬ್ಬನ ಹೆಸರೂ ನಮ್ಮ ನಾಲಗೆಯ ಮೇಲಿಲ್ಲ.

ಈಗ ಶ್ರೋತೃಗಳು ನನ್ನೊಡನೆ ಸಮುದ್ರ ದಾಟಬೇಕು. ಹೆಚ್ಚುಕಡಮೆ ಇಷ್ಟೇ ಅಗಲದ ಹಳಿಗಳ ಕಥೆ ಬ್ರಿಟನ್ನಿನ ಪಶ್ಚಿಮದಲ್ಲಿರುವ ವೇಲ್ಸ್ ನಾಡಿನಲ್ಲಿ ಬೇರೆಯದೇ ತಿರುವು ಪಡೆಯಿತು. ಅಲ್ಲಿಯ ಬೆಟ್ಟಗಳಲ್ಲಿ ಮನೆಯ ಮಾಡಿಗೆ ಹೊದಿಸುವ ಸ್ಲೇಟು ಕಲ್ಲಿನ ಗಣಿಗಳು. ಕಲ್ಲನ್ನು ಕಡಲತೀರಕ್ಕೆ ಇಳಿಸಲು ಹಾಕಿದ ಪುಟ್ಟ ರೈಲುಗಳಲ್ಲಿ ಒಂದರ ಹೆಸರು ಟ್ಯಾಲಿಲ್ಲಿನ್. ಉದ್ದ ಏಳು ಮೈಲಿ ಚಿಲ್ಲರೆ, ಅಗಲ ಎರಡು ಅಡಿ ಮೂರು ಅಂಗುಲ. 1865ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆದದ್ದು. ಗಣಿ 1946ರಲ್ಲಿ ಮುಚ್ಚಿತು. ಯಜಮಾನರಾದ ಸರ್ ಹೆನ್ರಿ ಹೇಡನ್ ಜೋನ್ಸ್ ಎಂಬ ಹಿರಿಯರು ತಾವಿರುವ ತನಕ ರೈಲು ನಿಲ್ಲಿಸುವುದಿಲ್ಲವೆಂದು ನಷ್ಟದಲ್ಲೇ ನಡೆಸಿ, 1950ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಹಳಿ ಎಂಥ ಸ್ಥಿತಿಗೆ ಬಂದಿತ್ತೆಂದರೆ, ಸ್ಲೀಪರುಗಳು ಕೊಳೆತು, ಬೇರುಬಿಟ್ಟ ಹುಲ್ಲೇ ಹಳಿಗಳನ್ನು ಹಿಡಿದು ನಿಲ್ಲಿಸಿತ್ತೆಂದು ತಮಾಷೆ ಮಾಡುತ್ತಿದ್ದರು.

ಲಿಯೊನೆಲ್ ರೋಲ್ಟ್ ಎಂಬ ಲೇಖಕ, ವೃತ್ತಿಯಿಂದ ಎಂಜಿನಿಯರ್, ಕೆಲವರು ಗೆಳೆಯರೊಡನೆ ಸೇರಿ 1950ರ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಹೋಟೆಲಿನಲ್ಲಿ ಸಭೆ ಕರೆದರು. ಅದರ ಫಲವಾಗಿ ಒಂದು ಸಂಘ ಹುಟ್ಟಿತು. ಮುಂದಿನ ಮೇ ತಿಂಗಳಲ್ಲಿ ಆ ಸಂಘದ ಸದಸ್ಯರು ತಾವೇ ಟಿಕೆಟು ಹರಿದು, ತಾವೇ ಕಲ್ಲಿದ್ದಲು ಎತ್ತಿಹಾಕಿ ರೈಲು ಓಡಿಸಿದರು. ಸ್ವಯಂಸೇವಕರು ಉಳಿಸಿ ನಡೆಸಿದ ರೈಲ್ವೆ ಜಗತ್ತಿನಲ್ಲಿ ಅದೇ ಮೊದಲು. ಅವರ ಕೈಗೆ ಬಂದಾಗ ಓಡುವ ಎಂಜಿನ್ ಇದ್ದುದು ಒಂದೇ, 1866ರಲ್ಲಿ ಕಟ್ಟಿದ್ದು. ನೆರೆಯಲ್ಲಿ ಮುಚ್ಚಿಹೋಗಿದ್ದ ಅದೇ ಅಳತೆಯ ಇನ್ನೊಂದು ಮಾರ್ಗದಿಂದ ಎರಡು ಎಂಜಿನುಗಳನ್ನು ಅಗ್ಗಕ್ಕೆ ಕೊಂಡುತಂದು ಕೆಲಸ ಸಾಗಿಸಿದರು. ಈ ಸಾಹಸವನ್ನು ರೋಲ್ಟ್ 1953ರಲ್ಲಿ ಪುಸ್ತಕವಾಗಿ ಬರೆದರು. ಎಂಜಿನಿಯರನ ಕೈಯಲ್ಲಿ ಸಾಹಿತ್ಯವಿದ್ದರೆ ಏನಾಗಬಲ್ಲುದೆಂಬುದಕ್ಕೆ ಅದೊಂದು ಸಾಕ್ಷಿ.

ಅಂಥ ರೈಲುಗಳು ಬ್ರಿಟನ್ನಿನಲ್ಲಿ ಇಂದು ಬಹಳ. ಬೇಸಗೆಯಲ್ಲಿ ಅವು ಪ್ರವಾಸಿಗಳಿಂದ ತುಂಬಿ ತುಳುಕುತ್ತವೆ. ಕ್ಯಾಮರಾಗಳು ನೋಡುವುದು ಆ ಮುಖವನ್ನು. ಜನವರಿ, ಫೆಬ್ರವರಿಯಲ್ಲಿ ಬಹುಪಾಲು ರೈಲುಗಳು ಓಡುವುದಿಲ್ಲ. ನಿಜವಾದ ಕೆಲಸ ಆಗ. ಸ್ಕೂಲು ಮಾಸ್ತರು, ಬ್ಯಾಂಕಿನ ಗುಮಾಸ್ತ, ವೈದ್ಯ, ವಿದ್ಯಾರ್ಥಿ, ಪಿಂಚಣಿದಾರ, ಹೀಗೆ ವಾರವೆಲ್ಲ ಬೇರೆ ಬೇರೆ ಕಸುಬಿನವರು, ಶನಿವಾರ ಬೆಳಿಗ್ಗೆ ದಪ್ಪ ಬೂಟು ಹಾಕಿಕೊಂಡು ಏರಿಯ ಮೇಲೆ ಸೇರುತ್ತಾರೆ. ಕೊಳೆತ ಸ್ಲೀಪರಿನ ಸುತ್ತಣ ಜಲ್ಲಿಯನ್ನು ತೋಡಿ, ಮೊಳೆ ಕಿತ್ತು, ಅದನ್ನು ಪಕ್ಕಕ್ಕೆ ಎಳೆದು ತೆಗೆದು, ಅದೇ ಸಂದಿನಲ್ಲಿ ಹೊಸದನ್ನು ತೂರಿಸಿ, ಅಗಲ ಅಳೆದು, ಮೊಳೆ ಹೊಡೆದು, ಜಲ್ಲಿ ತುಂಬುತ್ತಾರೆ. ಹೆಪ್ಪುಗಟ್ಟುವ ನೀರು ಕೊಳವೆಗಳನ್ನು ಸೀಳದಂತೆ ಎಂಜಿನ್ನಿನ ಬಾಯ್ಲರನ್ನು ಬರಿದು ಮಾಡಿ, ಒಳಗೆ ಕಟ್ಟಿದ ಸುಣ್ಣದ ಹೊರೆ ಕೆರೆದು ತೊಳೆಯುತ್ತಾರೆ. ಬೇಲಿ ಸವರುತ್ತಾರೆ, ಮೋರಿ ತೋಡುತ್ತಾರೆ. ನಮ್ಮ ಗ್ಯಾಂಗಿನವರು ಮಾಡಿದ್ದು ಇದನ್ನೇ. ಚಳಿ ಬೇರೆ, ಹಾರೆ ಒಂದೇ.

ಇವುಗಳ ಪೈಕಿ ಫೆಸ್ಟಿನಿಯೋಗ್ ಎಂಬ ರೈಲಿನ ವೃತ್ತಾಂತ ನಮ್ಮ ಸೀಮೆಯವರು ಗಮನಿಸತಕ್ಕದ್ದು. ಅದರ ಅಳತೆಯೂ ಹತ್ತಿರ ಹತ್ತಿರ ಎರಡು ಅಡಿ. 1836ರಲ್ಲಿ ತೆರೆದಾಗ ಎಂಜಿನ್ನೇ ಇರಲಿಲ್ಲ. ಸ್ಲೇಟು ಹೇರಿದ ಬಂಡಿಗಳು ಇಳಿಜಾರಿನಲ್ಲಿ ತಾವಾಗಿ ಜಾರಿ ಬರುತ್ತಿದ್ದವು. ಖಾಲಿ ಬಂಡಿಗಳನ್ನು ಮೇಲಕ್ಕೆಳೆದ ಕುದುರೆಗಳು ಇಳಿಯುವಾಗ ತಾವೂ ಒಂದು ಬಂಡಿಯಲ್ಲಿ ನಿಂತು ಸವಾರಿ ಮಾಡುತ್ತಿದ್ದವು. 1863ರಿಂದ ಉಗಿ ಎಂಜಿನ್ ಬಂತು, 1946ರಲ್ಲಿ ಎಲ್ಲ ನಿಂತಿತು. ಆದರೆ 1832ರ ಮೂಲ ಕಾನೂನಿನಲ್ಲಿ ಮಾರ್ಗವನ್ನು ಮುಚ್ಚುವ ವಿಧಿಯೇ ಇರಲಿಲ್ಲವಾದ್ದರಿಂದ ಹಳಿ ಕೀಳಲಾಗಲಿಲ್ಲ. ಶಾಸನ ಬರೆದವರ ಮರೆವು ಕೂಡ ಕೆಲವು ವೇಳೆ ಚರಿತ್ರೆಗೆ ಉಪಕಾರ ಮಾಡುತ್ತದೆ! 1955ರಲ್ಲಿ ಸ್ವಯಂಸೇವಕರು ಒಂದು ತುಂಡನ್ನು ತೆರೆದರು. ಅಷ್ಟರಲ್ಲೇ ಬೆಟ್ಟದ ಮೇಲೆ ಜಲವಿದ್ಯುತ್ತಿನ ಜಲಾಶಯವೊಂದು ಬಂದು ಮಾರ್ಗದ ಮೇಲ್ಭಾಗ ನೀರಿನಡಿಗೆ ಸೇರಿತು. ಅವರು ವರ್ಷಗಟ್ಟಲೆ ವ್ಯಾಜ್ಯ ನಡೆಸಿ ಪರಿಹಾರ ಪಡೆದರು. 1965ರಲ್ಲಿ ಸಲಿಕೆ ಹಿಡಿದು, ನೀರಿನ ಮೇಲುಗಡೆಗೆ ಎರಡೂವರೆ ಮೈಲಿಯ ಹೊಸ ಏರಿ ಕಟ್ಟಲು ಹೊರಟರು. ಎತ್ತರ ಗಳಿಸಲು ಹಳಿಯನ್ನು ತನ್ನ ಮೇಲೆಯೇ ಸುತ್ತಿ ದಾಟಿಸಿದರು. ಸುರಂಗ ಕೊರೆಯಲು ಮಾತ್ರ ಗಣಿ ಕೆಲಸ ಬಲ್ಲವರಿಗೆ ಸಂಬಳ ಕೊಟ್ಟರು. 1978ಕ್ಕೆ ಆ ಬಳಸುದಾರಿ ಮುಗಿಯಿತು. 1982ರಲ್ಲಿ ರೈಲು ತನ್ನ ಹಳೆಯ ಕೊನೆಯೂರನ್ನು ಮತ್ತೆ ಮುಟ್ಟಿತು.

ಇದನ್ನು ಕೇಳಿ, ‘ಅವರು ಮಾಡಿದರು, ನಾವು ಮಾಡಲಿಲ್ಲ’ ಎಂದು ನಿಟ್ಟುಸಿರು ಬಿಡುವುದು ಸುಲಭ. ನಾನು ಆ ಸಾಲಿಗೆ ಸೇರಲು ಸಿದ್ಧನಿಲ್ಲ. ವಾರಕ್ಕೆರಡು ದಿನ ಬಿಡುವು, ಹೊಟ್ಟೆಬಟ್ಟೆಗೆ ಚಿಂತೆಯಿಲ್ಲದ ಸ್ಥಿತಿ ಇದ್ದವರ ಕೈಯಲ್ಲಿ ಸಲಿಕೆ ಹವ್ಯಾಸವಾಗುತ್ತದೆ. ನಮ್ಮಲ್ಲಿ ಸಲಿಕೆಗೆ ಬೇರೆ ನೆನಪುಗಳಿವೆ. ಒಂದು ಶಬ್ದವನ್ನು ನೋಡಿ: ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ ಎಂಬುದರ ತದ್ಭವ. ಅಧಿಕಾರಿ ಕರೆದಾಗ ಕೂಲಿಯಿಲ್ಲದೆ ಹೋಗಿ ದುಡಿಯಲೇಬೇಕಾದ ಕಟ್ಟುಪಾಡಿಗೆ ಅದು ಹೆಸರು. ಇಂದು ಅದೇ ಮಾತನ್ನು ನಾವು ‘ಪುಕ್ಕಟೆ’ ಎಂಬರ್ಥದಲ್ಲಿ ಆಡುತ್ತೇವೆ. ದುಡಿದವನಿಗೆ ಶಿಕ್ಷೆಯಾಗಿದ್ದುದು ಪಡೆದವನ ಬಾಯಲ್ಲಿ ಲಾಭವಾಗಿ ಉಳಿದುಬಂದಿತು. ಅರ್ಥ ವ್ಯತ್ಯಾಸವಾಗುವಾಗ ಭಾಷೆ ಯಾರ ಪಕ್ಷ ವಹಿಸುತ್ತದೆಂಬುದಕ್ಕೆ ನಾನು ತರಗತಿಯಲ್ಲಿ ಈ ಉದಾಹರಣೆ ಕೊಡುತ್ತಿದ್ದೆ. ಕ್ಷಾಮದ ಕಾಲದಲ್ಲಿ ಹೊಟ್ಟೆಗಾಗಿ ಏರಿಯ ಮಣ್ಣು ಹೊತ್ತವರ ಮೊಮ್ಮಕ್ಕಳಿಗೆ, ಸಂಬಳವಿಲ್ಲದೆ ಅದೇ ಏರಿಯ ಮೇಲೆ ದುಡಿಯಲು ಬನ್ನಿರೆಂದು ಕರೆದರೆ, ಅವರ ಕಿವಿಗೆ ಬೀಳುವುದು ಸೇವೆಯ ಕರೆಯಲ್ಲ, ಬಿಟ್ಟಿಯ ಡಂಗುರ. 1950ರ ದಶಕದಲ್ಲಿ ಶ್ರಮದಾನವೆಂಬ ಒಳ್ಳೆಯ ಮಾತು ಊರೂರಿಗೆ ಬಂತು. ಎಷ್ಟೋ ಕಡೆ ದಾನದ ಕೀರ್ತಿ ಹಾರ ಹಾಕಿಸಿಕೊಂಡವರಿಗೂ ಶ್ರಮ ಕೂಲಿಕಾರರಿಗೂ ಹಂಚಿಹೋಗಿ, ಆ ಮಾತೂ ಸವೆಯಿತು.

ಹಾಗೆಂದು ಒಟ್ಟಾಗಿ ದುಡಿಯುವ ಸಂಪ್ರದಾಯ ನಮ್ಮಲ್ಲಿ ಇರಲಿಲ್ಲವೇ? ಧಾರಾಳವಾಗಿ ಇತ್ತು. ಅದಕ್ಕೆ ಕನ್ನಡದ ಶಬ್ದ ‘ಮುಯ್ಯಿ’. ಇಂದು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನದಕ್ಕೆ ನೀನು. ಮಲೆನಾಡಿನಲ್ಲಿ ಮುಯ್ಯಾಳು ಎನ್ನುತ್ತಾರೆ. ಅದು ದಾನವಲ್ಲ, ದಬ್ಬಾಳಿಕೆಯೂ ಅಲ್ಲ, ಲೆಕ್ಕವಿಟ್ಟುಕೊಂಡ ಸ್ನೇಹ. ಇನ್ನು ಸಾರ್ವಜನಿಕ ಕಟ್ಟಡವನ್ನು ವರ್ಷ ವರ್ಷ ಕಾಯುವ ವಿಚಾರದಲ್ಲಿ ನಮ್ಮ ಹಿರಿಯರು ವೇಲ್ಸಿನವರಿಗಿಂತ ಸಾವಿರ ವರ್ಷ ಮುಂದಿದ್ದರೆಂದರೆ ಅತಿಶಯೋಕ್ತಿಯಲ್ಲ. ಕಡೂರು ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು 1901ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಕನ್ನಡ ನಾಡಿನ ಇಂಥ ಸಂಪುಟಗಳನ್ನು ತಿರುವಿದವರಿಗೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಪರಿಚಿತ. ಕೆರೆ ಕಟ್ಟಿದವನಿಗೆ, ಅದನ್ನು ಕಾಯುವವನಿಗೆ ಬಿಟ್ಟ ಭೂಮಿ ಅದು. ಹೂಳೆತ್ತಿ ಏರಿಗೆ ಮಣ್ಣು ಹಾಕುವ ಬಂಡಿಯನ್ನು ಇಟ್ಟುಕೊಳ್ಳಲೆಂದೇ ದತ್ತಿ ಬಿಟ್ಟ ಶಾಸನಗಳೂ ಇವೆ. ಕಟ್ಟುವ ಪುಣ್ಯದ ಜೊತೆಗೇ ಕಾಯುವ ಖರ್ಚನ್ನೂ ಕಲ್ಲಿನಲ್ಲಿ ಬರೆದಿಟ್ಟ ವಿವೇಕ ಅದು.

ಮದಗದ ಕೆರೆಯ ಜನಪದ ಹಾಡನ್ನು ಕೇಳದ ಕನ್ನಡಿಗ ವಿರಳ. ಕಡೂರು ತಾಲ್ಲೂಕಿನವರು ಅದನ್ನು ತಮ್ಮ ಮದಗದ ಕೆರೆಯ ಹಾಡೆನ್ನುತ್ತಾರೆ. ಬೇರೆ ಮದಗದ ಕೆರೆಯವರೂ ಹಕ್ಕು ಸಾಧಿಸುತ್ತಾರೆ. ಆ ವ್ಯಾಜ್ಯ ಇಲ್ಲಿ ಬೇಡ. ಆ ಹಾಡಿನಲ್ಲಿ ಅರಸನ ಹೊಗಳಿಕೆ ಮುಖ್ಯವಲ್ಲ. ತುಂಬಿ ಬಂದ ನೀರು, ಏರಿಯ ಅಪಾಯ, ಕೆಲಸಕ್ಕೆ ಕರೆಸಬೇಕಾದ ಸಾವಿರಾರು ಮಣ್ಣುಕೆಲಸದವರು, ತರಿಸಬೇಕಾದ ಗುದ್ದಲಿಗಳ ಲೆಕ್ಕ, ಇವು ಮುಖ್ಯ. ರಿಪೇರಿ ಕೆಲಸವೊಂದು ಕಾವ್ಯವಾದ ಅಪರೂಪದ ನಿದರ್ಶನವೆಂದು ನಾನು ಅದನ್ನು ಎಣಿಸುತ್ತೇನೆ. ಕೆರೆಯ ಏರಿ ಕಟ್ಟಿದ ಅದೇ ಭೋವಿ ಜನರೇ ಮುಂದೆ ರೈಲಿನ ಏರಿಗಳಿಗೂ ಮಣ್ಣು ಹೊತ್ತರು. ಕೆರೆಯ ಏರಿಗೆ ಹಾಡು ಸಿಕ್ಕಿತು, ರೈಲಿನ ಏರಿಗೆ ಸಿಕ್ಕಲಿಲ್ಲ. ಕಾರಣ ಸ್ಪಷ್ಟ. ಕೆರೆ ಊರಿನದು, ಅದು ಒಡೆದರೆ ಊರು ಹೋಗುತ್ತದೆ. ರೈಲು ಊರ ಪಕ್ಕದಲ್ಲಿ ಹಾದರೂ ಊರಿನದಾಗಲಿಲ್ಲ. ಮೊದಲು ಕಂಪನಿಯದು, ಆಮೇಲೆ ಸಂಸ್ಥಾನದ್ದು, 1951ರಿಂದ ದಕ್ಷಿಣ ರೈಲ್ವೆಯದು, 2003ರಿಂದ ನೈಋತ್ಯ ರೈಲ್ವೆಯದು. ಟ್ಯಾಲಿಲ್ಲಿನ್ ರೈಲನ್ನು ಅಲ್ಲಿಯ ಜನ ಉಳಿಸಿಕೊಳ್ಳಲಾದದ್ದಕ್ಕೆ, ಯಾರಿಗೂ ಬೇಡವಾದ ಆ ಆಸ್ತಿಯನ್ನು ‘ತಮ್ಮದು’ ಎಂದು ಕರೆಯುವ ಅವಕಾಶ ಸಿಕ್ಕಿದ್ದೇ ಅರ್ಧ ಕಾರಣ. 1948ರಲ್ಲಿ ಬ್ರಿಟನ್ನಿನ ರೈಲ್ವೆಗಳೆಲ್ಲ ರಾಷ್ಟ್ರೀಕರಣವಾದಾಗ ಈ ಪುಟಾಣಿ ಹೊರಗುಳಿದಿತ್ತು.

ನಮ್ಮ ದೇಶದಲ್ಲಿ ಡಾರ್ಜಿಲಿಂಗಿನ ರೈಲು 1999ರಲ್ಲಿ, ನೀಲಗಿರಿಯದು 2005ರಲ್ಲಿ, ಕಾಲ್ಕಾ–ಶಿಮ್ಲಾದ್ದು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳನ್ನು ಕಾಯುವವರು ರೈಲ್ವೆಯ ಸಂಬಳದ ನೌಕರರು. ಅದೇ ಸರಿಯೆಂದೂ ಹೇಳಬೇಕು; ಬೆಟ್ಟದ ಮಳೆಗಾಲದಲ್ಲಿ ಜೀವ ಪಣಕ್ಕಿಟ್ಟು ಹಳಿ ಕಾಯುವವನಿಗೆ ಚಪ್ಪಾಳೆ ಸಾಲದು. ಕರ್ನಾಟಕದಲ್ಲಿ 1979ರಲ್ಲಿ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಆರಂಭವಾಯಿತು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ನಿಲ್ದಾಣ, ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯಾಗಿ ಕಾಣಿಸಿಕೊಂಡದ್ದು, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಊರ ಜನ ನಿಜವಾಗಿ ಕೈ ಹಾಕಿದ ಉದಾಹರಣೆಗೆ ಹತ್ತಿರವಾದದ್ದು ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗ. ಅದೂ 1915ರಲ್ಲಿ ಎರಡೂವರೆ ಅಡಿಯ ಕಿರುಹಳಿಯಾಗಿ ಹುಟ್ಟಿದ್ದು. ಅಲ್ಲಿ ಪಾಳುಬಿದ್ದಿದ್ದ ನಂದಿ ನಿಲ್ದಾಣದ ಕಲ್ಲಿನ ಕಟ್ಟಡವನ್ನು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಇತ್ತೀಚಿನ ವರ್ಷಗಳಲ್ಲಿ ಜೀರ್ಣೋದ್ಧಾರ ಮಾಡಿತು. ಸಂತೋಷದ ಸಂಗತಿಯೇ. ಆದರೆ ಇವೆಲ್ಲ ಕಟ್ಟಡದ, ಪೆಟ್ಟಿಗೆಯ, ಎಂಜಿನ್ನಿನ ರಕ್ಷಣೆ. ನಿಂತ ಎಂಜಿನ್ನಿಗೆ ಬಣ್ಣ ಬಳಿದರೆ ಸಾಕು. ಓಡುವ ಎಂಜಿನ್ನಿಗೆ ಕೆಳಗಿನ ಹಳಿ ಬೇಕು, ಹಳಿಗೆ ಪ್ರತಿ ಚಳಿಗಾಲವೂ ಕೈಗಳು ಬೇಕು.

ತರೀಕೆರೆ–ನರಸಿಂಹರಾಜಪುರದ ಪುಟ್ಟ ರೈಲನ್ನು ಮತ್ತೆ ಓಡಿಸಬೇಕೆಂದು ನಾನು ಹೇಳುವುದಿಲ್ಲ. ಹಳಿಯಿಲ್ಲ, ಎಂಜಿನ್ ಇಲ್ಲ. ಸುತ್ತಣ ಕಾಡಿನ ದೊಡ್ಡ ಭಾಗ ಭದ್ರಾ ಅಭಯಾರಣ್ಯವಾಗಿದೆ, ಅದಕ್ಕೆ ಹುಲಿಗಳ ಹಕ್ಕು ಮೊದಲು. ಆದರೆ ಹಳಿ ಹೋದರೂ ಅದು ಹಾದ ಜಾಡು ಒಮ್ಮೆಗೇ ಅಳಿಯುವುದಿಲ್ಲ. ಎರಡು ಅಡಿಯ ರೈಲಿಗೂ ಏರಿ ಬೇಕಿತ್ತು, ತಗ್ಗು ಕಡಿದ ದಾರಿ ಬೇಕಿತ್ತು, ಹಳ್ಳಕ್ಕೆ ಮೋರಿ ಬೇಕಿತ್ತು. ಸಂಸ್ಥಾನದ ಕಾಲದ ಮೋಜಣಿ ನಕ್ಷೆಗಳಿವೆ, ಮೈಸೂರು ರೈಲ್ವೆಯ ವಾರ್ಷಿಕ ವರದಿಗಳಿವೆ. ತರೀಕೆರೆಯ, ಲಕ್ಕವಳ್ಳಿಯ, ನರಸಿಂಹರಾಜಪುರದ ಕಾಲೇಜುಗಳ ಹುಡುಗರು ಹುಡುಗಿಯರು ಒಂದು ಜನವರಿಯಲ್ಲಿ ಆ ನಕ್ಷೆ ಹಿಡಿದು, ಅರಣ್ಯದ ಅಪ್ಪಣೆ ಬೇಕಾದ ಕಡೆ ಅಪ್ಪಣೆ ಪಡೆದು, ಆ 27 ಮೈಲಿಯನ್ನು ತುಂಡು ತುಂಡಾಗಿ ನಡೆದು ಗುರುತಿಸಬಹುದು. ಜೊತೆಗೆ ಕಡೂರು, ಬೀರೂರು, ಅಜ್ಜಂಪುರ, ತರೀಕೆರೆಗಳಲ್ಲಿ ಮೀಟರ್ ಗೇಜಿನ ಕಾಲದಲ್ಲಿ ಬೀಟರು ಹಿಡಿದು ನಿವೃತ್ತರಾದ ಗ್ಯಾಂಗಿನವರು, ಕೀಮನ್ನರು ಇನ್ನೂ ಇದ್ದಾರೆ. ಬ್ರಾಡ್ ಗೇಜ್ ಬಂದಾಗ ಮೂವತ್ತರ ಪ್ರಾಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಹಳಿ ಸರಿಸುವಾಗ ಎತ್ತಿಕೊಡುತ್ತಿದ್ದ ಸೊಲ್ಲು ಅವರಲ್ಲಿ ಕೆಲವರಿಗಾದರೂ ನೆನಪಿರಬೇಕು. ಧ್ವನಿಮುದ್ರಣ ಯಂತ್ರ ಹೊತ್ತು ಹೋಗಬೇಕಾದ ಕಾಲವೂ ಇಲ್ಲ. ಪ್ರತಿ ವಿದ್ಯಾರ್ಥಿಯ ಜೇಬಿನಲ್ಲೂ ಅದಿದೆ. ಸುಗ್ಗಿ ಮುಗಿದ ಮೇಲೆ, ಬಿಸಿಲೇರುವ ಮೊದಲು ಹೋಗುವುದು ಒಳ್ಳೆಯದು. ಅವರ ಬಿಡುವೂ ಆಗಲೇ.